ಹುಳುಮನೆಯ ಗೋಡೆಯಲ್ಲಿ ನಿಂತ ತಾತ

ನಮ್ಮತ್ತೆ ಹುಳುಮನೆಯ ಬಾಗಿಲಲ್ಲಿ ನಿಂತು, ಇತಿಹಾಸ ನೋಡಲು ಬಂದ ದೊಡ್ಡ ದೊಡ್ಡ ಮನುಷ್ಯರನ್ನೆಲ್ಲ ಮೂಸಿ ಮೂಸಿ ಒಳಗೆ ಬಿಟ್ಟ ಆ ಭಾನುವಾರ ನೆನಪಾದರೆ ನನಗೆ ಈಗಲೂ ಕೂತಲ್ಲಿ ಕೂರಲು ಆಗುವುದಿಲ್ಲ. ಸ್ಟಾಫ್ ರೂಮಿನಲ್ಲಿ ಎಷ್ಟು ಸಲ ಹೇಳಿದ್ದೇನೆಂದರೆ, ಈಗ ನಾನು ಬಾಯಿ ತೆರೆದರೆ ಸಾಕು, ಜೊತೆಯವರು ಟಿಫಿನ್ ಡಬ್ಬಿ ಎತ್ತಿಕೊಂಡು ಮರದ ಕೆಳಗೆ ಹೊರಟುಬಿಡುತ್ತಾರೆ. ಅದಕ್ಕೇ ಬರೆಯಲು ಕೂತಿದ್ದೇನೆ. ಕಾಗದ ಎದ್ದು ಹೋಗುವುದಿಲ್ಲವಲ್ಲ.

ನಾನು ಹುಟ್ಟಿ ಬೆಳೆದದ್ದು ಗೌರಿಬಿದನೂರಿನಲ್ಲಿ. ಅಪ್ಪ ಮೇಷ್ಟ್ರು. ನಾನೂ ಅದೇ ದಾರಿ ಹಿಡಿದು ಶಿಡ್ಲಘಟ್ಟದ ಒಂದು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಮದುವೆಯಾಗಿ ಬಂದದ್ದು ಜಂಗಮಕೋಟೆ ಕಡೆಯ ಒಂದು ಹಳ್ಳಿಗೆ. ಈ ಕಡೆ ಮನುಷ್ಯರಿಗೊಂದು ಮನೆ, ರೇಷ್ಮೆ ಹುಳುಗಳಿಗೊಂದು ಮನೆ. ಎರಡರಲ್ಲಿ ಹುಳುಗಳ ಮನೆಯೇ ಒಂದು ಕೈ ಮೇಲು ಎಂದು ಮದುವೆಯಾದ ವಾರದಲ್ಲೇ ನನಗೆ ಗೊತ್ತಾಯಿತು. ಮಲ್ಲಿಗೆ ಮುಡಿದು, ಪೌಡರ್ ಹಾಕಿಕೊಂಡು ಹೊಸ ಸೊಸೆ ಹುಳುಮನೆ ನೋಡಲು ಹೋದದ್ದೇ ತಡ, ಅತ್ತೆ ಒಳಗಿನಿಂದಲೇ ಕೂಗಿಕೊಂಡರು.

“ಅಲ್ಲೇ ನಿಂತ್ಕೊಳಮ್ಮ! ಆ ಪೌಡರ್ ವಾಸ್ನೆಗೆ ನನ್ ಹುಳ ಸೊಪ್ಪು ಮುಟ್ಟಲ್ಲ.”

ನನಗೆ ಮೂಗಿನ ತುದಿಯಲ್ಲೇ ಕೋಪ. ಆ ದಿನ ಊಟ ಮಾಡಲಿಲ್ಲ. ಆಮೇಲೆ ಗೊತ್ತಾಯಿತು, ಪಂಚಾಯಿತಿ ಅಧ್ಯಕ್ಷರನ್ನೂ ಅವರು ಹೀಗೇ ಹೊರಗೆ ನಿಲ್ಲಿಸಿದ್ದರಂತೆ. ಹುಳು ಬಲು ನಾಜೂಕು. ಸೆಂಟು, ಹೊಗೆಸೊಪ್ಪು, ಊದುಬತ್ತಿ, ಯಾವುದರ ಗಾಳಿ ಸೋಕಿದರೂ ಮುಖ ತಿರುಗಿಸುತ್ತದೆ. ಹೊರಗಿನವರ ಕಾಲಿಗೆ ಅಂಟಿಕೊಂಡು ರೋಗ ಬಂದರೆ ತಿಂಗಳ ದುಡಿಮೆಯೆಲ್ಲ ತಿಪ್ಪೆಗೆ. ಹೊಸ್ತಿಲಲ್ಲಿ ಸುಣ್ಣದ ಪುಡಿ ಹರಡಿರುತ್ತಾರೆ, ಅದನ್ನು ತುಳಿದೇ ಒಳಗೆ ಹೋಗಬೇಕು. ಇಷ್ಟು ವರ್ಷಗಳಲ್ಲಿ ನಾನೂ ಪೌಡರ್ ಬಿಟ್ಟೆ.

ಆ ಹುಳುಮನೆಯ ಪಡುವಣ ಗೋಡೆಯಲ್ಲಿ ಒಂದು ಕಲ್ಲಿದೆ. ನನ್ನ ಎದೆಯುದ್ದ ಬರುತ್ತದೆ. ಅದರಲ್ಲಿ ಒಬ್ಬ ಗಂಡಸು, ಒಂದು ಕೈಯಲ್ಲಿ ಕತ್ತಿ, ಇನ್ನೊಂದರಲ್ಲಿ ಗುರಾಣಿ. ಕಾಲ ಬಳಿ ಎರಡು ಹಸು. ಕದನದಲ್ಲಿ ಸತ್ತವನ ನೆನಪಿಗೆ ನಿಲ್ಲಿಸುವ ವೀರಗಲ್ಲು. ಇಂಥವು ನಮ್ಮ ಜಿಲ್ಲೆಯಲ್ಲಿ ಕೆರೆ ಏರಿ, ಹೊಲದ ಬದು, ಬಸ್ ಸ್ಟ್ಯಾಂಡಿನ ಹಿಂದೆ ಎಲ್ಲೆಂದರಲ್ಲಿ ಸಿಗುತ್ತವೆ. ನಮ್ಮದು ಮೊದಲು ಬಯಲಿನಲ್ಲಿ ನಿಂತಿತ್ತಂತೆ. ಮಾವನವರ ತಂದೆ ಅಲ್ಲಿ ಮನೆ ಕಟ್ಟುವಾಗ ಕಲ್ಲನ್ನು ಕದಲಿಸಲು ಮನಸ್ಸು ಬರದೆ ಅದನ್ನೇ ಸೇರಿಸಿಕೊಂಡು ಗೋಡೆ ಎಬ್ಬಿಸಿದರು. ಹಾಗಾಗಿ ಕತ್ತಿ ಹಿಡಿದ ಯೋಧ ಹುಳುಗಳ ಕಡೆ ಮುಖ ಮಾಡಿಕೊಂಡು ಗೋಡೆಯೊಳಗೆ ನಿಂತುಬಿಟ್ಟ. ಮನೆಯವರೆಲ್ಲ ಅವನನ್ನು ಕಲ್ಲುತಾತ ಎನ್ನುತ್ತಾರೆ. ಪ್ರತಿ ಬೆಳೆಗೂ ಮೊದಲು ಅತ್ತೆ ತಾತನ ಮುಂದೆ ದೀಪ ಹಚ್ಚಿ ಕೈಮುಗಿದ ಮೇಲೆಯೇ ಹುಳುಮರಿ ಒಳಗೆ ಬರುವುದು. ಮಾವ ತೀರಿಕೊಂಡ ಮೇಲೆ ಬೆಳೆ ಅತ್ತೆಯದೇ. ನನ್ನ ಗಂಡ ಹಾಲಿನ ಡೈರಿಯಲ್ಲಿ ಕೆಲಸ ಮಾಡುತ್ತಾರೆ. ಅವರು ಅಮ್ಮನ ಹುಳುಮನೆಯಲ್ಲಿ ಕೂಲಿ ಆಳು ಇದ್ದ ಹಾಗೆ.

ಬೆಳೆಗೆ ಮೊದಲು ದೀಪದಂತೆಯೇ ಸುಣ್ಣವೂ ಆಗಬೇಕು. ರೋಗ ಬಾರದಿರಲೆಂದು ಗೋಡೆಗೆಲ್ಲ ಸುಣ್ಣ ಬಳಿಯುತ್ತಾರೆ. ತಾತನ ಮೈಯೊಂದನ್ನು ಬಿಟ್ಟು ಅವನ ಕಾಲ ಕೆಳಗಿನ ಕಲ್ಲಿಗೂ ಬಳಿಯುತ್ತಾರೆ. ಅಜ್ಜನ ಕಾಲದಿಂದ ಬಳಿದ ಸುಣ್ಣ ಅಲ್ಲಿ ಹಪ್ಪಳದ ಮೇಲೆ ಹಪ್ಪಳ ಇಟ್ಟಂತೆ ಕೂತಿತ್ತು. ಒಂದು ವರ್ಷ ದೀಪಾವಳಿ ಕಳೆದು ಮನೆ ಖಾಲಿ ಇದ್ದಾಗ ಚಂದ್ರಿಕೆಗಳನ್ನು ಎತ್ತಿಡುತ್ತಿದ್ದೆವು. ಚಂದ್ರಿಕೆ ಎಂದರೆ ಹುಳು ಗೂಡು ಕಟ್ಟಲು ಬಿಡುವ ಬಿದಿರಿನ ತಟ್ಟಿ, ಬಾಗಿಲಿನಷ್ಟು ಅಗಲ. ನನ್ನ ಕೈಯಲ್ಲಿದ್ದದ್ದರ ಮೂಲೆ ಗೋಡೆಗೆ ತಾಗಿ ಸುಣ್ಣದ ಒಂದು ದೊಡ್ಡ ಚಕ್ಕೆ ಎದ್ದು ಬಿತ್ತು. ಅಡಿಯಲ್ಲಿ ಕರೀ ಕಲ್ಲು. ಕಲ್ಲಿನ ಮೇಲೆ ಗೆರೆ. ಮೊಬೈಲಿನ ಟಾರ್ಚ್ ಅಡ್ಡ ಹಿಡಿದೆ. ಗೆರೆಗಳು ಗುಂಡಗಾದವು, ತಲೆಕಟ್ಟು ಕಾಣಿಸಿತು, ಅಕ್ಷರ! ನಾನು ಕಿರುಚಿದ ರಭಸಕ್ಕೆ ನನ್ನ ಗಂಡ ಕೋಲು ಹಿಡಿದುಕೊಂಡು ಓಡಿಬಂದರು.

“ಎಲ್ಲೇ ಹಾವು?”

“ಹಾವಲ್ಲ ಕಣ್ರೀ, ಅಕ್ಷರ! ತಾತನ ಕಾಲ್ ಕೆಳಗೆ ಬರ್ದಿದ್ದಾರೆ!”

“ಇಷ್ಟೇನಾ,” ಎಂದು ಅವರು ಕೋಲು ಕೆಳಗಿಟ್ಟರು. ಆ ಮನುಷ್ಯನಿಗೆ ಚಿನ್ನದ ಕೊಪ್ಪರಿಗೆ ಸಿಕ್ಕಿದರೂ ಮೊದಲು ಅದರಲ್ಲಿ ಎಷ್ಟು ಲೀಟರ್ ಹಾಲು ಹಿಡಿಯುತ್ತದೆ ಎಂದೇ ಕೇಳುತ್ತಾರೆ.

ನಮ್ಮ ಜಿಲ್ಲೆಯಲ್ಲಿ ಒಂದು ಗುಂಪಿದೆ. ಮೇಷ್ಟ್ರುಗಳು, ಬ್ಯಾಂಕಿನವರು, ಒಬ್ಬರು ಹೂವಿನ ಮಂಡಿಯವರು, ಹೀಗೆ ಹಳೇ ಕಲ್ಲು ಕಂಡರೆ ಗಾಡಿ ನಿಲ್ಲಿಸುವ ಜನ. ಆಗಾಗ ಒಂದು ಭಾನುವಾರ ಯಾವುದಾದರೂ ಊರಿಗೆ ಹೋಗಿ, ಊರವರನ್ನೂ ಸೇರಿಸಿಕೊಂಡು ಕಲ್ಯಾಣಿಯ ಹೂಳು ತೆಗೆಯುವುದು, ಶಾಸನಕ್ಕೆ ಮುಚ್ಚಿದ ಮುಳ್ಳು ಕಡಿಯುವುದು, ಆಮೇಲೆ ಅಲ್ಲೇ ಕೂತು ಆ ಊರಿನ ಕಥೆ ಹೇಳಿ ಕೇಳುವುದು, ಮಜ್ಜಿಗೆ ಕುಡಿಯುವುದು. ನಾನೂ ಅದರಲ್ಲಿದ್ದೇನೆ. ಸಂಜೆಯೊಳಗೆ ಚಿತ್ರ ಕಳಿಸಿದೆ. ಕಳಿಸಿ ಚಹಾ ಕುಡಿಯುವುದರೊಳಗೆ ಚಿಂತಾಮಣಿಯಿಂದ ಫೋನು. ಅಲ್ಲೊಬ್ಬರು ನಿವೃತ್ತ ಕನ್ನಡ ಮೇಷ್ಟ್ರು, ನಮ್ಮಲ್ಲಿ ಹಳೆಯ ಲಿಪಿ ಸಲೀಸಾಗಿ ಓದುವವರು ಅವರೊಬ್ಬರೇ.

“ಮೇಡಂ, ಉಗುರಲ್ಲಿ ಕೆರೀಬೇಡಿ. ನೀರ್ ಹಾಕ್ಬೇಡಿ. ಕೈ ಕಟ್ಕೊಂಡು ಸುಮ್ನೆ ಕೂತ್ಕೊಳಿ,” ಎಂದರು. “ಸಾವಿರ ವರ್ಷಕ್ಕೆ ಕಮ್ಮಿ ಇಲ್ಲ. ನಾನ್ ಬರೋವರ್ಗೂ ಅದನ್ನ ಯಾರೂ ಮುಟ್ಬಾರ್ದು.”

ಸಾವಿರ ವರ್ಷ! ಆ ರಾತ್ರಿ ನಿದ್ದೆ ಯಾರಿಗೆ ಬರಬೇಕು?

ಅತ್ತೆಗೆ ಮಾತ್ರ ಇದಾವುದೂ ಹಿಡಿಸಲಿಲ್ಲ. ಅವರ ತವರು ಅಂಬಾಜಿದುರ್ಗದ ತಪ್ಪಲಿನ ಹಳ್ಳಿ. ಅಲ್ಲಿ ಮನೆಮಾತು ತೆಲುಗು. ಸಿಟ್ಟು ಬಂದರೆ ಇಂದಿಗೂ ಅತ್ತೆಯ ಬಾಯಲ್ಲಿ ಮೊದಲು ತೆಲುಗೇ ಬರುತ್ತದೆ. ಆ ಊರಿನ ಕೆರೆ ಏರಿಯ ಮೇಲೂ ಇಂಥದೇ ಒಂದು ಕಲ್ಲಿತ್ತಂತೆ. ಅತ್ತೆ ಹುಡುಗಿಯಾಗಿದ್ದಾಗ ಎಮ್ಮೆ ಮೇಯಿಸುತ್ತ ಅದಕ್ಕೆ ಒರಗಿ ಕೂರುತ್ತಿದ್ದರು. ಒಂದು ದಿನ ಜೀಪಿನಲ್ಲಿ ಯಾರೋ ಬಂದರು, ನೋಡಿದರು, ಬರೆದುಕೊಂಡರು, ಬಹಳ ಅಪರೂಪದ್ದು ಎಂದರು. ಕಾಪಾಡುತ್ತೇವೆಂದು ಹೇಳಿ ಟ್ರ್ಯಾಕ್ಟರಿಗೆ ಹೇರಿಕೊಂಡು ಹೋದರು. ಆಮೇಲೆ ಅದು ಯಾವುದೋ ಕಚೇರಿಯ ಹಿತ್ತಲಲ್ಲಿ ಬಿತ್ತು. ಊರವರು ಒಂದೆರಡು ಸಲ ಹೋಗಿ ಕೇಳಿದರು, ಬೈಸಿಕೊಂಡು ಬಂದರು, ಸುಮ್ಮನಾದರು. ಇದನ್ನು ಹೇಳುವಾಗ ಅತ್ತೆಯ ಕಣ್ಣು ಕೆಂಪಾಗುತ್ತದೆ.

“ನೋಡೋಕೆ ಬಂದೋರು ಓದ್ತಾರೆ. ಓದಿದ್ ಮೇಲೆ ಒಯ್ತಾರೆ. ತಾತನ್ನ ಓದೋದು ಬೇಡಮ್ಮ. ಇರೋ ಹಂಗೇ ಇರ್ಲಿ,” ಎಂದರು.

“ಯಾರೂ ಒಯ್ಯಲ್ಲ ಅತ್ತೆ. ನಾನಿಲ್ವಾ?”

“ನಿನ್ ಮಾತು ನಿನ್ ಗಂಡನೇ ಕೇಳಲ್ಲ, ಜೀಪ್‌ನವರು ಕೇಳ್ತಾರಾ?”

ಅಷ್ಟೇ ಆಗಿದ್ದರೆ ಹೇಗೋ ಒಪ್ಪಿಸುತ್ತಿದ್ದೆ. ಆದರೆ ನಮ್ಮ ಗುಂಪಿನ ಅಧ್ಯಕ್ಷರು ನನ್ನ ಕಾಲ ಮೇಲೇ ಕಲ್ಲು ಹಾಕಿದರು. ಅವರು ನಿವೃತ್ತ ಇಂಜಿನಿಯರು, ಚಿಕ್ಕಬಳ್ಳಾಪುರದಲ್ಲಿ ಮುದ್ದೇನಹಳ್ಳಿ ರಸ್ತೆಯ ಕಡೆ ಮನೆ. ಒಳ್ಳೆಯ ಮನುಷ್ಯರು, ಕೈಯಿಂದ ದುಡ್ಡು ಹಾಕಿ ಕಲ್ಯಾಣಿ ಸ್ವಚ್ಛ ಮಾಡಿಸುವವರು. ಸಭೆಯಲ್ಲಿ ಎದ್ದು ನಿಂತು, ಇಂಥ ಶಾಸನ ಹುಳುಗಳ ಮಧ್ಯೆ, ಸುಣ್ಣ ಬ್ಲೀಚಿಂಗ್ ಪೌಡರಿನ ಮಧ್ಯೆ ಇರುವುದು ತರವಲ್ಲ, ಗೋಡೆ ಬಿಚ್ಚಿ ಕಲ್ಲನ್ನು ಪಟ್ಟಣಕ್ಕೆ ತಂದು ಒಂದು ಚಪ್ಪರದ ಕೆಳಗೆ ನಿಲ್ಲಿಸೋಣ, ಗೋಡೆಯನ್ನು ನಾನೇ ಹೊಸದಾಗಿ ಕಟ್ಟಿಸಿಕೊಡುತ್ತೇನೆ ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ನನಗೆ ರೇಗಿತು.

“ಸುಣ್ಣ ಇದ್ದದ್ದಕ್ಕೇ ಸಾರ್ ಅಕ್ಷರ ಉಳ್ದಿರೋದು. ಪಟ್ಟಣದಲ್ಲಿ ನಿಲ್ಸಿದ್ರೆ ಮೂರ್ ದಿನದಲ್ಲಿ ಯಾರ್ದೋ ಎಲೆಕ್ಷನ್ ಪೋಸ್ಟರ್ ಅಂಟಿರತ್ತೆ,” ಎಂದೆ.

“ಮೇಡಂ, ಭಾವನೆ ಬೇರೆ, ಸಂರಕ್ಷಣೆ ಬೇರೆ,” ಎಂದರು ಅವರು ಶಾಂತವಾಗಿ. ಆ ಶಾಂತಿಗೆ ನನಗೆ ಇನ್ನಷ್ಟು ರೇಗಿತು. ಕಡೆಗೆ ಚಿಂತಾಮಣಿಯ ಮೇಷ್ಟ್ರು ನಡುವೆ ಬಂದು, ಮೊದಲು ಓದೋಣ, ಎಲ್ಲಿರಬೇಕೆಂದು ಊರವರ ಮುಂದೆಯೇ ತೀರ್ಮಾನ ಮಾಡೋಣ ಎಂದು ತಣ್ಣಗೆ ಮಾಡಿದರು. ಮುಂದಿನ ಕಾರ್ಯಕ್ರಮ ನಮ್ಮ ಊರಿನಲ್ಲೇ ಎಂದಾಯಿತು.

ಮನೆಗೆ ಬಂದು ನಡೆದದ್ದನ್ನೆಲ್ಲ ಅತ್ತೆಗೆ ಹೇಳಿದೆ. ಅವರಿಂದ ಏನನ್ನೂ ಮುಚ್ಚಿಡುವ ಸ್ವಭಾವ ನನ್ನದಲ್ಲ, ಮುಚ್ಚಿಟ್ಟರೂ ಅವರು ಮೂಸಿ ಹಿಡಿಯುತ್ತಾರೆ. ಅತ್ತೆ ಮುಂದಿದ್ದ ಸೊಪ್ಪನ್ನೆಲ್ಲ ಹೆಚ್ಚಿ ಮುಗಿಸಿದರು. ಆಮೇಲೆ, “ಬರ್ಲಿ. ಓದ್ಲಿ. ಆದ್ರೆ ಗೋಡೆಗೆ ಕೈ ಇಟ್ರೆ ನಾನು ಬಾಗ್ಲಲ್ಲೇ ಮಲಿಕ್ಕೊಂತೀನಿ. ನನ್ ದಾಟ್ಕೊಂಡು ಒಯ್ಲಿ,” ಎಂದರು. ಅದು ಬರೀ ಬಾಯಿಮಾತಲ್ಲ ಎಂದು ನನಗೆ ಗೊತ್ತಿತ್ತು. ಅತ್ತೆ ಮಲಗುತ್ತೇನೆಂದರೆ ಮಲಗುವವರೇ.

ಭಾನುವಾರ ಗೊತ್ತು ಮಾಡುವಾಗ ಅತ್ತೆಯನ್ನೇ ಕೇಳಿದ್ದೆವು. ಅಷ್ಟರೊಳಗೆ ಗೂಡು ಬಿಡಿಸಿ ಶಿಡ್ಲಘಟ್ಟದ ಮಾರುಕಟ್ಟೆಗೆ ಹೋಗಿ ಮನೆ ಖಾಲಿಯಾಗಿರುತ್ತದೆ ಎಂದು ಅವರು ಲೆಕ್ಕ ಹಾಕಿ ಹೇಳಿದ್ದರು. ಆದರೆ ಆ ಸಲ ಚಳಿ ಕಚ್ಚಿಕೊಂಡು ಕೂತಿತು. ನಂದಿ ಬೆಟ್ಟದ ಕಡೆಯಿಂದ ಮಂಜು ಇಳಿದರೆ ಹೊತ್ತೇರುವವರೆಗೂ ಎದುರು ಮನೆ ಕಾಣುತ್ತಿರಲಿಲ್ಲ. ಚಳಿಗೆ ಹುಳು ಬೆಳೆಯುವುದು ನಿಧಾನ. ಪೊರೆ ಬಿಡಲು ಹುಳು ಮೇವು ಬಿಟ್ಟು ತಲೆ ಎತ್ತಿ ಕೂರುವುದನ್ನು ಇಲ್ಲಿ ಜ್ವರ ಎನ್ನುತ್ತಾರೆ. ಒಂದೊಂದು ಜ್ವರವೂ ತಡವಾಯಿತು. ಭಾನುವಾರ ಹತ್ತಿರ ಬಂದಂತೆ ನಾನು ಶಾಲೆಯಿಂದ ಬಂದವಳೇ ಕಿಟಕಿಯಲ್ಲಿ ಇಣುಕುತ್ತಿದ್ದೆ. ಹುಳುಗಳು ತಮ್ಮ ಪಾಡಿಗೆ ಮಳೆ ಬಿದ್ದಂತೆ ಸದ್ದು ಮಾಡುತ್ತ ಸೊಪ್ಪು ತಿನ್ನುತ್ತಿದ್ದವು. ಅವಕ್ಕೇನು ಗೊತ್ತು, ಕರಪತ್ರ ಅಚ್ಚಾಗಿದೆ ಎಂದು?

ಭಾನುವಾರ ಬೆಳಿಗ್ಗೆ ಅಂಗಳದಲ್ಲಿ ಶಾಮಿಯಾನ ಹಾಕುತ್ತಿದ್ದೆವು. ಒಳಗಿನಿಂದ ಅತ್ತೆಯ ಕೂಗು ಕೇಳಿಸಿತು.

“ಹುಳ ಹಣ್ಣಾಯ್ತು! ಬನ್ರೋ!”

ರೇಷ್ಮೆ ಬೆಳೆಯುವ ಮನೆಯಲ್ಲಿ ಈ ಕೂಗಿಗೆ ಉಣ್ಣುತ್ತಿದ್ದವರೂ ಏಳುತ್ತಾರೆ. ಹಣ್ಣಾದ ಹುಳು ಮೇವು ಬಿಡುತ್ತದೆ, ಮೈ ದ್ರಾಕ್ಷಿಯಂತೆ ತಿಳಿಯಾಗುತ್ತದೆ, ತಲೆ ಎತ್ತಿ ಗೂಡು ಕಟ್ಟಲು ಜಾಗ ಹುಡುಕುತ್ತದೆ. ಆಗಲೇ ಒಂದೊಂದನ್ನೇ ಕೈಯಿಂದ ಆರಿಸಿ ಚಂದ್ರಿಕೆಗೆ ಬಿಡಬೇಕು. ತಡವಾದರೆ ಸೊಪ್ಪಿನ ಕಸದಲ್ಲೇ ನೂಲು ಸುತ್ತಿಕೊಂಡು ಗೂಡು ಕೆಡುತ್ತದೆ. ಅದಕ್ಕೆ ಬೀದಿಯವರೆಲ್ಲ ಒಬ್ಬರಿಗೊಬ್ಬರು ಕೈಯಾಳು. ಇಂದು ನಿಮ್ಮ ಮನೆ, ನಾಳೆ ನಮ್ಮ ಮನೆ. ಆದರೆ ಆ ಸಲ ಬೀದಿಯವರೆಲ್ಲ ಒಂದೇ ಕಡೆಯಿಂದ ಹುಳುಮರಿ ತಂದಿದ್ದರು, ಒಂದೇ ಚಳಿ ತಿಂದಿದ್ದವು, ಎಲ್ಲರ ಮನೆಯ ಹುಳುವೂ ಅದೇ ಬೆಳಿಗ್ಗೆ ಹಣ್ಣಾಯಿತು. ಎದುರು ಮನೆಯವರನ್ನು ಕರೆಯಲು ಓಡಿದರೆ, ಅವರು ನಮ್ಮನ್ನು ಕರೆಯಲು ಓಡಿಬರುತ್ತಿದ್ದರು. ನಡುಬೀದಿಯಲ್ಲಿ ಮುಖಾಮುಖಿಯಾದೆವು.

ಅದೇ ಹೊತ್ತಿಗೆ ಎರಡು ಟೆಂಪೋ ತುಂಬ ಇತಿಹಾಸ ಪ್ರಿಯರು ಬಂದು ಇಳಿದರು. ಕೈಯಲ್ಲಿ ಬ್ಯಾನರು, ಮೈಕು, ಹೂವಿನ ಹಾರ. ಹೆಂಗಸರೆಲ್ಲ ರೇಷ್ಮೆ ಸೀರೆ ಉಟ್ಟಿದ್ದರು.

ಅತ್ತೆ ಬಾಗಿಲಿಗೆ ಅಡ್ಡ ನಿಂತರು. “ಹುಳ ಎತ್ತಿ ಮುಗಿಯೋವರ್ಗೂ ಯಾರೂ ಒಳಕ್ಕಿಲ್ಲ.”

“ಅರ್ಧ ಗಂಟೆ ಬಿಡಿ ತಾಯಿ, ಓದ್ಕೊಂಡು ಹೋಗಿಬಿಡ್ತೀವಿ. ಇಷ್ಟ್ ಜನ ಬಂದಿದ್ದಾರೆ,” ಎಂದರು ಅಧ್ಯಕ್ಷರು.

“ನನ್ ಹುಳನೂ ಇಷ್ಟ್ ಜನ ಇದಾವೆ ಸ್ವಾಮಿ.”

ಅಧ್ಯಕ್ಷರು ಗಡಿಯಾರ ನೋಡಿಕೊಂಡರು. ಮತ್ತೊಂದು ಭಾನುವಾರ ಇಟ್ಟುಕೊಳ್ಳೋಣ ಎಂದು ಯಾರೋ ಗೊಣಗಿದರು. ಹೊರಗೆ ಇಷ್ಟೊಂದು ಕೈ ಸುಮ್ಮನೆ ನಿಂತಿವೆ, ಒಳಗೆ ಕೈ ಸಾಲದೆ ಹುಳು ಹಾಳಾಗುತ್ತಿದೆ! ನಾನು ಮೈಕು ಕಿತ್ತುಕೊಂಡೆ.

“ಹುಳ ಎತ್ತೋಣ ಬನ್ನಿ! ಬೇಗ ಎತ್ತಿದಷ್ಟು ಬೇಗ ಶಾಸನ!”

ಮೊದಲು ಹೂವಿನ ಮಂಡಿಯವರು ತೋಳು ಮಡಚಿದರು. ಅವರ ಹಿಂದೆ ಬ್ಯಾಂಕಿನ ಇಬ್ಬರು ಹೆಂಗಸರು ಸೆರಗು ಸಿಕ್ಕಿಸಿಕೊಂಡರು. ಅತ್ತೆ ನನ್ನನ್ನೊಮ್ಮೆ, ಅವರನ್ನೊಮ್ಮೆ ನೋಡಿದರು. ಹುಳು ಕಾಯುವುದಿಲ್ಲ ಎಂಬುದು ಅವರಿಗಿಂತ ಯಾರಿಗೆ ಗೊತ್ತು?

“ಸಾಲಾಗಿ ಬನ್ನಿ,” ಎಂದರು.

ಮೂಸುವ ಕೆಲಸ ಶುರುವಾದದ್ದು ಆಗ. ಅತ್ತೆ ಒಬ್ಬೊಬ್ಬರ ಕತ್ತಿನ ಹತ್ತಿರ ಮೂಗು ತಂದು ಉಸಿರೆಳೆಯುವರು. “ಸೆಂಟು. ನಲ್ಲಿ ಹತ್ರ ಹೋಗಿ ತೊಳ್ಕೊಂಡ್ ಬಾಮ್ಮ.” “ನೀವು ಹೊಗೆಸೊಪ್ಪು ಹಾಕ್ತೀರಾ? ಚಂದ್ರಿಕೆ ಹೊರೋ ಕೆಲ್ಸ ನಿಮ್ದು, ಹೊರಗೇ ಇರಿ.” “ಇದೇನು ಮುಖಕ್ಕೆ? ಸನ್‌ಸ್ಕ್ರೀನಾ? ಇಲ್ಲಿ ಸನ್ನೇ ಬಂದಿಲ್ವಲ್ಲಮ್ಮ ಇನ್ನೂ!” ಒಬ್ಬರೂ ಬೇಸರಿಸಿಕೊಳ್ಳಲಿಲ್ಲ. ನಲ್ಲಿಯ ಮುಂದೆ ಮುಖ ತೊಳೆಯುವವರ ಸಾಲು ನಿಂತಿತು. ಅಧ್ಯಕ್ಷರು ತಾವಾಗಿಯೇ ಕತ್ತು ಮುಂದೆ ಚಾಚಿ ನಿಂತರು, ಮುಖ ಮಾತ್ರ ಗಂಭೀರ. ಅವರು ಪಾಸಾದರು.

ಫೇಲಾದವರು ಒಬ್ಬರೇ, ನಮ್ಮ ಶಾಸನದ ಮೇಷ್ಟ್ರು. ಅತ್ತೆ ಹತ್ತಿರ ಬಂದವರೇ ಒಂದು ಹೆಜ್ಜೆ ಹಿಂದೆ ಸರಿದರು.

“ನಶ್ಯ!”

ಮೇಷ್ಟ್ರು ಕದ್ದ ಹುಡುಗನಂತೆ ತಲೆ ತಗ್ಗಿಸಿದರು. ನಶ್ಯವೂ ಹೊಗೆಸೊಪ್ಪೇ ತಾನೆ. ಹುಳುವಿಗೆ ಅದರ ಒಂದು ಚಿಟಿಕೆ ಸಾಕು. “ನಲವತ್ ವರ್ಷದ ಅಭ್ಯಾಸ ಕಣಮ್ಮ,” ಎಂದರು. “ಆಗ್ಲಿ, ನಲವತ್ ನಿಮಿಷ ಬಿಡಿ,” ಎಂದರು ಅತ್ತೆ. ಶಾಸನ ಓದುವವರೇ ಹೊರಗೆ ಉಳಿದರೆ ಏನು ಗತಿ ಎಂದು ನನಗೆ ಜೀವ ಹೋದಂತಾಯಿತು. ಕಡೆಗೆ ನಶ್ಯದ ಡಬ್ಬಿ ನನ್ನ ಗಂಡನ ವಶಕ್ಕೆ ಹೋಯಿತು. ಮೇಷ್ಟ್ರು ಬಿಸಿನೀರಿನಲ್ಲಿ ತಲೆಗೆ ಸ್ನಾನ ಮಾಡಿ, ನನ್ನ ಗಂಡನ ಅಂಗಿ ಲುಂಗಿ ತೊಟ್ಟು ಬಂದರು. ಆದರೂ ಹುಳು ಇರುವವರೆಗೆ ಅತ್ತೆ ಅವರನ್ನು ಬಾಗಿಲ ಬಳಿ ಬಿಡಲಿಲ್ಲ. ಪಾಪ, ಮೂಗು ಉಜ್ಜಿಕೊಳ್ಳುತ್ತ ಅಂಗಳದ ತುದಿಯಲ್ಲಿ ಕಾಗದ, ಮಸಿ, ಬ್ರಷ್ಷು ಜೋಡಿಸಿಕೊಂಡು ಕೂತರು.

ಒಳಗೆ ಹುಳುಮನೆ ನಾನು ಎಂದೂ ಕಾಣದಂತಾಗಿತ್ತು. ಮೊದಮೊದಲು ಕಿರುಚಾಟ. ಒಬ್ಬರು ಹುಳು ಕೈಗೆ ಬಂದೊಡನೆ ಕಣ್ಣು ಮುಚ್ಚಿಕೊಂಡರು. ಆಮೇಲೆ ಅದರ ತಣ್ಣನೆಯ ಮೃದು ಮೈ ಅಭ್ಯಾಸವಾಗಿ, ಹಣ್ಣಾದದ್ದು ಯಾವುದು, ಆಗದ್ದು ಯಾವುದು ಎಂದು ಕಣ್ಣು ಪಳಗಿ, ಕೈ ಓಡತೊಡಗಿತು. “ಒತ್ತಬೇಡ್ರಮ್ಮ, ಕೂಸು ಎತ್ತಿದಂಗೆ ಎತ್ರಿ,” ಎನ್ನುತ್ತ ಅತ್ತೆ ಸಾಲಿನಿಂದ ಸಾಲಿಗೆ ಓಡಾಡಿದರು. ಅಧ್ಯಕ್ಷರು ಮೊದಲ ಹುಳುವನ್ನು ಅಂಗೈಯಲ್ಲಿಟ್ಟುಕೊಂಡು ಗರುಡಗಂಬದಂತೆ ನಿಂತಿದ್ದರು. ಆಮೇಲೆ ಏನಾಯಿತೋ, ಎರಡೂ ಕೈಯಲ್ಲಿ ಎಲ್ಲರಿಗಿಂತ ಬೇಗ ಆರಿಸತೊಡಗಿದರು. ಅಳತೆ ತಪ್ಪದಂತೆ ಚಂದ್ರಿಕೆಯ ಬಿದಿರುಪಟ್ಟಿಯ ಸುತ್ತುಗಳಲ್ಲಿ ಒಂದರ ಪಕ್ಕ ಒಂದನ್ನು ಬಿಡುತ್ತಿದ್ದರು. ಅತ್ತೆ ನಿಂತು ನೋಡಿದರು. “ನೀವು ಮೊದ್ಲೇ ಈ ಕೆಲ್ಸಕ್ಕೆ ಬರ್ಬೇಕಿತ್ತು ಸ್ವಾಮಿ,” ಎಂದರು. ಅಧ್ಯಕ್ಷರ ಮುಖ ಅರಳಿತು. ನಡುನಡುವೆ ಅವರು ಗೋಡೆಯ ಕಡೆ, ತಾತನ ಕಡೆ ನೋಡುತ್ತಿದ್ದರು. ನಾನು ಅವರು ನೋಡುವುದನ್ನು ನೋಡುತ್ತಿದ್ದೆ. ಗೋಡೆ ಬಿಚ್ಚುವ ಲೆಕ್ಕ ಹಾಕುತ್ತಿದ್ದಾರೋ ಏನೋ ಎಂದು ನನಗೆ ಒಳಗೊಳಗೇ ಅಳುಕು.

ತುಂಬಿದ ಚಂದ್ರಿಕೆಗಳಿಗೆ ಗಾಳಿ ಬೇಕು, ನೆರಳೂ ಬೇಕು. ಅಂಗಳದಲ್ಲಿ ಶಾಮಿಯಾನ ಸಿದ್ಧವಾಗಿತ್ತಲ್ಲ! ವೇದಿಕೆ ಸರಿಸಿ, ಕುರ್ಚಿ ಎತ್ತಿ, ಅದರ ಕೆಳಗೆ ಚಂದ್ರಿಕೆಗಳನ್ನು ಒರಗಿಸಿದೆವು. ಜಾಗ ಸಾಲದ್ದಕ್ಕೆ ‘ನಮ್ಮ ಪರಂಪರೆ ನಮ್ಮ ಹೆಮ್ಮೆ’ ಎಂದು ಬರೆದ ಬ್ಯಾನರನ್ನೂ ಬಿಚ್ಚಿ ಮೇಲೆ ಕಟ್ಟಿದೆವು. ಅಷ್ಟರಲ್ಲಿ ಮಂಜು ಕರಗಿ ಬಿಸಿಲು ಬಂದಿತ್ತು. ಸನ್ಮಾನ ಆಗಬೇಕಾದವರೆಲ್ಲ ಬಿಸಿಲಲ್ಲಿ, ಹುಳುಗಳೆಲ್ಲ ನೆರಳಲ್ಲಿ. ಅಷ್ಟೇ ಆಗಿ ನಿಲ್ಲಲಿಲ್ಲ. ನಮ್ಮದು ಮುಗಿದೊಡನೆ ಅರ್ಧ ಜನ ಎದುರು ಮನೆಗೆ ನುಗ್ಗಿ ಅವರ ಹುಳುವನ್ನೂ ಎತ್ತಿಕೊಟ್ಟರು. ಅವರನ್ನು ಯಾರೂ ಕರೆಯಬೇಕಾಗಿರಲಿಲ್ಲ.

ಮಧ್ಯಾಹ್ನ ಹುಳುಮನೆ ಖಾಲಿಯಾಯಿತು. ಸೊಪ್ಪಿನ ಕಡ್ಡಿ, ಕಸ ಗುಡಿಸಿದೆವು. ಅತ್ತೆ ತಾವೇ ಮೇಷ್ಟ್ರನ್ನು ಕರೆದರು.

ಅವರು ಮೊದಲು ತಾತನಿಗೆ ಕೈಮುಗಿದರು. ಆಮೇಲೆ ಒದ್ದೆ ಬ್ರಷ್ಷಿನಿಂದ ಸುಣ್ಣ ನೆನೆಸುತ್ತ, ಬಿದಿರಿನ ಸೀಳಿನಿಂದ ಒಂದೊಂದೇ ಪದರ ಎಬ್ಬಿಸುತ್ತ ಹೋದರು. ಕಬ್ಬಿಣ ತಾಗಿಸಬಾರದಂತೆ. ಒಳಗೆ ಹಿಡಿಸಿದಷ್ಟು ಜನ ನೆಲದ ಮೇಲೆ ಕೂತರು, ಉಳಿದವರು ಕಿಟಕಿಯಲ್ಲಿ, ಬಾಗಿಲಲ್ಲಿ. ಊರ ಹೆಂಗಸರು ಹುಳು ಎತ್ತಿದ ಕೈಯಲ್ಲೇ ಓಡಿಬಂದಿದ್ದರು. ಕಲ್ಲು ಬಯಲಾದ ಮೇಲೆ ಒದ್ದೆ ಕಾಗದವನ್ನು ಅದರ ಮೇಲೆ ಹರಡಿ ಬ್ರಷ್ಷಿನಿಂದ ಟಪಟಪ ತಟ್ಟಿದರು. ಕಾಗದ ಅಕ್ಷರದ ಗುಂಡಿಗಳೊಳಗೆ ಇಳಿದು ಕೂತಿತು. ಒಣಗಿದ ಮೇಲೆ ಬಟ್ಟೆಯ ಉಂಡೆಗೆ ಮಸಿ ಹಚ್ಚಿ ಮೃದುವಾಗಿ ಒತ್ತುತ್ತ ಬಂದರು. ಒತ್ತಿದಲ್ಲೆಲ್ಲ ಕಪ್ಪು. ಕಪ್ಪಿನ ನಡುವೆ, ನಮ್ಮೆಲ್ಲರ ಕಣ್ಣ ಮುಂದೆ, ಬೆಳ್ಳಗೆ ಅಕ್ಷರಗಳು ಏಳತೊಡಗಿದವು! ಒಂದು ಸಾಲು. ಇನ್ನೊಂದು ಸಾಲು. ಯಾರೋ ಶಿಳ್ಳೆ ಹಾಕಿದರು. ನನಗೆ ಯಾಕೋ ಅಳು ಬಂತು. ಪಕ್ಕದಲ್ಲಿ ಕೂತಿದ್ದ ನನ್ನ ಗಂಡ, ಹಾಲಿನ ಲೀಟರ್ ಬಿಟ್ಟು ಬೇರೇನೂ ತಿಳಿಯದ ಮನುಷ್ಯ, ನನ್ನ ಕೈ ಹಿಡಿದುಕೊಂಡು, “ನೋಡೇ, ನೋಡೇ, ‘ಕ’ ಬಂತು!” ಎಂದು ಕೂಗಿದರು.

ಮೇಷ್ಟ್ರು ಓದತೊಡಗಿದರು. ಸತ್ತವನ ಹೆಸರಿನ ಜಾಗದಲ್ಲಿ ಕಲ್ಲು ಒಡೆದಿದೆ, ಇಂಥವನ ಮಗ ಎಂಬುದಷ್ಟೇ ಉಳಿದಿದೆ ಎಂದರು. ಊರಿನ ದನಗಳನ್ನು ಶತ್ರುಗಳು ಹೊಡೆದುಕೊಂಡು ಹೋಗುವಾಗ ಬೆನ್ನಟ್ಟಿ ಹೋದ. ದನಗಳನ್ನು ಬಿಡಿಸಿದ. ಬಿದ್ದ.

“ದನ ವಾಪಸ್ ಬಂದ್ವಾ?” ಎಂದು ಅತ್ತೆ ನಡುವೆ ಕೇಳಿದರು.

“ಬಂದ್ವಮ್ಮ. ಅವನು ಬರ್ಲಿಲ್ಲ. ಅದಕ್ಕೆ ಊರವರು ಕೆರೆ ಕೆಳಗೆ ಅವನ ಮಗನ್ಗೆ ಗದ್ದೆ ಬಿಟ್ಕೊಟ್ರು ಅಂತಿದೆ.”

“ಹೆಂಡ್ತಿಗೆ?”

“ಹೆಂಡತಿ ವಿಷ್ಯ ಬರ್ದಿಲ್ಲ.”

“ಗದ್ದೆ ಮಗನ್ ಹೆಸ್ರಿಗೆ, ಗೇಯೋದು ಅವ್ಳು. ಆವಾಗ್ಲೂ ಹಂಗೇನಾ?” ಎಂದರು ಅತ್ತೆ. ಹೆಂಗಸರೆಲ್ಲ ನಕ್ಕರು. ಅತ್ತೆ ನಗಲಿಲ್ಲ.

ಕೊನೆಯ ಸಾಲಿಗೆ ಬಂದಾಗ ಮೇಷ್ಟ್ರು ತಡೆದರು. ಮೊದಲು ಮನಸ್ಸಿನಲ್ಲೇ ಓದಿಕೊಂಡು ಅಧ್ಯಕ್ಷರ ಕಡೆ ಒಮ್ಮೆ ನೋಡಿದರು. ಆಮೇಲೆ ಗಟ್ಟಿಯಾಗಿ ಹೇಳಿದರು. “ಇದನ್ನ ಯಾರು ಹಾಳ್ ಮಾಡ್ತಾರೋ ಅವರಿಗೆ ಕಾಶಿಯಲ್ಲಿ ಕವಿಲೆಯನ್ನ, ಅಂದ್ರೆ ಹಸುವನ್ನ, ಕೊಂದ ಪಾಪ ಬರತ್ತೆ. ಹೀಗಂತ ಬರ್ದಿದ್ದಾರೆ.”

ಅತ್ತೆ ಎದ್ದು ನಿಂತರು.

“ಇನ್ನೊಂದ್ ಸಲ ಓದಿ. ಗಟ್ಟಿಯಾಗಿ. ಹೊರಗೆ ಕೇಳ್ಬೇಕು.”

ಮೇಷ್ಟ್ರು ಓದಿದರು. ಅಧ್ಯಕ್ಷರು ಗಂಟಲು ಸರಿಮಾಡಿಕೊಂಡರು. “ಅಮ್ಮ, ಇದು ಆ ಗದ್ದೆಗೆ ಹೇಳಿದ ಮಾತು. ದಾನ ಕೊಟ್ಟಿದ್ದನ್ನ ಕಿತ್ಕೊಂಡ್ರೆ ಪಾಪ ಅಂತ. ಕಲ್ಲಿಗಲ್ಲ,” ಎಂದರು. ಪಾಠ ಹೇಳುವವಳಾಗಿ ನನಗೂ ಗೊತ್ತಿತ್ತು, ಅವರು ಹೇಳಿದ್ದು ಸರಿ. ನಾನು ಬಾಯಿ ಬಿಡಲಿಲ್ಲ.

“ಗದ್ದೆ ಅವನದು ಅಂತ ಬರ್ದಿರೋದು ಎಲ್ಲಿ ಸ್ವಾಮಿ?” ಎಂದರು ಅತ್ತೆ.

“ಕಲ್ಲಲ್ಲಿ.”

“ಕಲ್ಲೇ ಊರಲ್ಲಿಲ್ದೆ ಹೋದ್ರೆ, ಬರ್ದಿದ್ದು ಎಲ್ಲಿರತ್ತೆ?”

ಅಧ್ಯಕ್ಷರು ತಾತನನ್ನು ನೋಡಿದರು. ತಮ್ಮ ಅಂಗಿಯ ಮೇಲೆ ಒಂದು ಹುಳು ಉಳಿದುಕೊಂಡು ನೂಲು ಬಿಡುತ್ತಿದ್ದದ್ದನ್ನು ಮೆಲ್ಲಗೆ ಬಿಡಿಸಿ ಅತ್ತೆಯ ಕೈಗೆ ಕೊಟ್ಟರು. “ನಾನು ಕಾಶಿಗೆ ಎರಡು ಸಲ ಹೋಗಿ ಪಾಪ ಕಳ್ಕೊಂಡ್ ಬಂದಿದ್ದೀನಿ ತಾಯಿ. ಮೂರನೇ ಸಲ ಹೋಗೋಕೆ ಮಂಡಿ ಕೇಳಲ್ಲ. ಕಲ್ಲು ಇಲ್ಲೇ ಇರ್ಲಿ,” ಎಂದರು. ಹುಳುಮನೆಯ ಹೆಂಚು ಹಾರುವಂತೆ ಎಲ್ಲರೂ ಕೂಗಿದರು. ನಾನು ಎಲ್ಲರಿಗಿಂತ ಜೋರಾಗಿ ಕೂಗಿದೆ. ಆ ಒಳ್ಳೆಯ ಮನುಷ್ಯನ ಮೇಲೆ ಅಷ್ಟು ದಿನ ಇಟ್ಟುಕೊಂಡಿದ್ದ ಸಿಟ್ಟೆಲ್ಲ ಎಲ್ಲಿ ಹೋಯಿತೋ ಗೊತ್ತಿಲ್ಲ.

ಅತ್ತೆ ಆ ಗದ್ದಲದಲ್ಲಿ ಸೇರಲಿಲ್ಲ. ಗೆದ್ದ ಮುಖವೂ ಇರಲಿಲ್ಲ. ಮಸಿಯ ಕಾಗದದ ಮುಂದೆ ಕುಕ್ಕರಗಾಲಲ್ಲಿ ಕೂತು ಕೊನೆಯ ಸಾಲಿನ ಮೇಲೆ ಬೆರಳಾಡಿಸುತ್ತ ಮೇಷ್ಟ್ರನ್ನು ಕೇಳಿದರು.

“ಈ ಮಾತು ಇಂಥ ಕಲ್ಲಲ್ಲೆಲ್ಲ ಇರತ್ತಾ?”

“ಎಲ್ಲದ್ರಲ್ಲೂ ಇಲ್ಲಮ್ಮ. ಬಹಳಷ್ಟ್ರಲ್ಲಿ ಇರತ್ತೆ.”

“ನಮ್ಮೂರ್ ಕಲ್ಲಲ್ಲೂ ಬರ್ದಿತ್ತು. ನಾನು ಒರಗಿ ಕೂತಾಗ ಬೆನ್ನಿಗೆ ಒತ್ತೋದು. ಏನು ಅಂತ ಹೇಳೋರು ಯಾರೂ ಇರ್ಲಿಲ್ಲ.” ಅವರು ಕಾಗದದ ಮೇಲಿನಿಂದ ಬೆರಳು ತೆಗೆದರು. “ಓದೋರು ಒಬ್ರಿದ್ದಿದ್ರೆ, ಟ್ರ್ಯಾಕ್ಟರ್ ಮುಂದೆ ನಿಂತು ನಮ್ಮಪ್ಪ ಇದನ್ನೇ ಕೂಗ್ತಿದ್ರು.”

ಇಷ್ಟು ದಿನ ಓದುವುದೇ ಬೇಡ ಎಂದವರು ಹೀಗೆಂದರು. ನಾನು ಅವರ ಪಕ್ಕ ಕೂತೆ. ಅವರೇ ಸೆರಗಿನಿಂದ ಮುಖ ಒರೆಸಿಕೊಂಡು, ತಪ್ಪಿಸಿಕೊಂಡ ದನ ಹುಡುಕಲು ಜೊತೆ ಕರೆಯುವ ಧ್ವನಿಯಲ್ಲಿ ಕೇಳಿದರು.

“ಆ ಕಚೇರಿ ಹಿತ್ತಲು ನಂಗೆ ಗೊತ್ತು. ಗೂಡು ಮಾರಿದ್ ಮೇಲೆ ಹೋಗಣ. ನೀವು ಬಂದು ಅವ್ರ್ ಮುಂದೆ ಓದ್ತೀರಾ ಮೇಷ್ಟ್ರೇ?”

“ಓದ್ತೀನಮ್ಮ,” ಎಂದರು ಮೇಷ್ಟ್ರು.

“ಟ್ರ್ಯಾಕ್ಟರ್ ನಾನ್ ತರ್ತೀನಿ,” ಎಂದರು ಅಧ್ಯಕ್ಷರು.